ಏಟು ಬೀಳವಲ್ದು ಸರ್

ಹೊಡೆದಾಟದ ಸಿನಿಮಾ ತೋರಿಸಿ "ಹೆಂಗಿತ್ತು?" ಅಂತ ಕೇಳಬೇಡಿ. "ಚಲೋ ಅದ" ಅಂತಾರೆ, ಎದ್ದು ಹೋಗ್ತಾರೆ. ಮನೆಗೆ ಕರೆದು, ಚಹಾ ಕುಡಿಸಿ, ಚಾಪೆ ಹಾಸಿ ತೋರಿಸಿದ ಮೇಲೆ ಕೆಟ್ಟದಿದೆ ಅನ್ನುವ ಧೈರ್ಯ ಯಾರಿಗಿರುತ್ತದೆ?

ನಾನು ಕಲಬುರಗಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ನಮ್ಮ ಏರಿಯಾದ ಕರಾಟೆ ಕ್ಲಾಸಿನ ಹುಡುಗರನ್ನು ಕಟ್ಟಿಕೊಂಡು ಮುಕ್ಕಾಲು ಗಂಟೆಯ ಒಂದು ಆ್ಯಕ್ಷನ್ ಥ್ರಿಲ್ಲರ್ ಮಾಡಿದೆ. ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಾಡಿದ್ದನ್ನು ನಾಲ್ಕು ಜನಕ್ಕೆ ತೋರಿಸಿ, ಅವರ ಮಾತಿನಲ್ಲಿ ಕೆಲಸಕ್ಕೆ ಬರುವುದನ್ನು ಹೇಗೆ ಹೆಕ್ಕಬೇಕು ಅಂತ ಯಾರೂ ಹೇಳುವುದಿಲ್ಲ. ನಾನು ಮಾಡಿದ್ದು ಹೀಗೆ.

ಮೊದಲು ಕಥೆ. ನಮ್ಮೂರಿನ ಕಾಳುಕಡಿ ಮಾರುಕಟ್ಟೆ ನೆಹರು ಗಂಜಿನ ಒಂದು ಗೋದಾಮಿನಿಂದ ತೊಗರಿ ತುಂಬಿದ ಲಾರಿ ಕಾಣೆಯಾಗುತ್ತದೆ. ಜೊತೆಗೆ ವಾಚ್‌ಮನ್ನೂ ಕಾಣೆ. ಕಳ್ಳತನ ಅವನ ತಲೆಗೆ ಬರುತ್ತದೆ. ಅವನ ತಮ್ಮ ರಾತ್ರಿ ಗೋದಾಮಿಗೆ ನುಗ್ಗುತ್ತಾನೆ, ಬೆಳಗಾಗುವುದರೊಳಗೆ ಎಲ್ಲ ಮುಗಿಯುತ್ತದೆ. ಅಷ್ಟೇ. ಒಂದೇ ಜಾಗದಲ್ಲಿ ಮುಗಿಸಬೇಕು ಅನ್ನುವ ಧೈರ್ಯ ಬಂದಿದ್ದು ಇಂಡೊನೇಷ್ಯಾದ 'ದಿ ರೇಡ್' ನೋಡಿ. 2011ರ ಚಿತ್ರ, ಸುಮಾರು 11 ಲಕ್ಷ ಡಾಲರಿನಲ್ಲಿ ಮಾಡಿದ್ದು, ಹೆಚ್ಚುಕಡಿಮೆ ಪೂರ್ತಿ ಒಂದೇ ಕಟ್ಟಡದೊಳಗೆ ನಡೆಯುತ್ತದೆ. ಅವರಿಗೆ ಅದು ಚಿಕ್ಕ ಬಜೆಟ್ಟು. ನಮ್ಮ ಹತ್ತಿರ ಅದರ ಬಡ್ಡಿಯೂ ಇರಲಿಲ್ಲ. ಆದರೆ ಗೋದಾಮು ಪುಕ್ಕಟೆ ಸಿಕ್ಕಿತು. ಹೊಸ ತೊಗರಿ ಬರುವುದು ಡಿಸೆಂಬರ್ ನಂತರ, ಮಳೆಗಾಲದಲ್ಲಿ ಆ ಗೋದಾಮು ಖಾಲಿ ಬಿದ್ದಿರುತ್ತದೆ. ನೆಲ ಮಾತ್ರ ಶಹಾಬಾದ್ ಕಲ್ಲಿನದು, ಬಿದ್ದರೆ ಮೊಣಕೈ ಪುಡಿ. ದಾಲ್ ಮಿಲ್ಲಿನಿಂದ ಹೊಟ್ಟಿನ ಚೀಲ ತಂದು ಹಾಸಿ, ಮೇಲೆ ತಾಡಪತ್ರಿ ಎಳೆದು, ಕ್ಯಾಮೆರಾಕ್ಕೆ ಕಾಣದ ಹಾಗೆ ಹುಡುಗರನ್ನು ಅದರ ಮೇಲೆ ಕೆಡವಿದೆವು.

ತೋರಿಸಿದ್ದು ನಮ್ಮ ಮಾಳಿಗೆಯ ಮೇಲೆ, ಮೇ ತಿಂಗಳಲ್ಲಿ. ಹಗಲು 42 ಡಿಗ್ರಿ ದಾಟಿರುತ್ತಿತ್ತು. ಸಂಜೆ ಮಾಳಿಗೆಗೆ ನೀರು ಹೊಡೆದು, ಅದು ಆರಿದ ಮೇಲೆ ಚಾಪೆ ಹಾಸಿ, ಗೋಡೆಗೆ ಬಿಳಿ ಚಾದರ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ಇಟ್ಟೆ. ಎಲ್ಲರನ್ನೂ ಒಟ್ಟಿಗೆ ಕರೆಯಲಿಲ್ಲ. ಒಂದು ದಿನ ಓಣಿಯ ಹೆಣ್ಣುಮಕ್ಕಳು, ಇನ್ನೊಂದು ದಿನ ಆಟೊ ಸ್ಟ್ಯಾಂಡಿನವರು, ಮತ್ತೊಂದು ದಿನ ಕುಸ್ತಿ ತಾಲೀಮಿನ ಹಿರಿಯರು. ಬೆರೆಸಿ ಕೂರಿಸಿದರೆ ಒಬ್ಬ ಜೋರು ಬಾಯಿಯವನು ಮಾತಾಡುತ್ತಾನೆ, ಉಳಿದವರು ತಲೆ ಆಡಿಸುತ್ತಾರೆ. ನಟಿಸಿದ ಹುಡುಗರನ್ನು ಕಡೆಗೆ ಕರೆದೆ. ಅವರು ತಮ್ಮ ಮುಖ ಬಿಟ್ಟು ಬೇರೇನೂ ನೋಡುವುದಿಲ್ಲ, ಅವರ ಅಭಿಪ್ರಾಯ ತಗೊಂಡು ಏನು ಮಾಡೋದು!

ನಾನು ಪರದೆ ಪಕ್ಕ, ಜನರ ಕಡೆ ಮುಖ ಮಾಡಿ ಕೂತುಕೊಳ್ಳುತ್ತಿದ್ದೆ. ಕೈಯಲ್ಲಿ ದೃಶ್ಯಗಳ ಸಮಯ ಬರೆದ ಹಾಳೆ. ಕತ್ತಲಲ್ಲಿ ಯಾರಾದರೂ ಮೊಬೈಲ್ ತೆಗೆದರೆ ಮುಖಕ್ಕೆ ಬೆಳಕು ಬೀಳುತ್ತದೆ, ಮುಚ್ಚಿಡಲು ಆಗುವುದಿಲ್ಲ. ಅಲ್ಲೊಂದು ಗೆರೆ. ಯಾರಾದರೂ ಹಿಂದಕ್ಕೆ ಸರಿದರೆ, ಭುಜ ಬಿಗಿ ಮಾಡಿದರೆ ಅಲ್ಲೊಂದು ಟಿಕ್ಕು. ಮುಗಿದ ಮೇಲೆ ಹೆಂಗಿತ್ತು ಅಂತ ಕೇಳದೆ, "ನೋಡದೆ ಇರೋರಿಗೆ ಕಥೆ ಹೇಳಿ ನೋಡೋಣ" ಅನ್ನುತ್ತಿದ್ದೆ. ಎಲ್ಲಿ ತಡವರಿಸುತ್ತಾರೋ ಅಲ್ಲಿ ನಮ್ಮ ಚಿತ್ರ ಮಸುಕಾಗಿದೆ ಅಂತ ಲೆಕ್ಕ. ಲಾರಿ ಕದ್ದವನು ಯಾರು ಅಂತ ಕೆಲವರು ತಪ್ಪು ಹೇಳಿದರು. ಒಂದು ಸಣ್ಣ ಮಾತು ಸೇರಿಸಿದ್ದಕ್ಕೆ ಅದು ಸರಿಹೋಯಿತು.

ಹೊಡೆದಾಟದ ಬಗ್ಗೆ ಬಂದ ಮಾತು ಅಷ್ಟು ಸುಲಭದ್ದಲ್ಲ. ಆಟೊ ಅಣ್ಣ ಒಬ್ಬರು ಅಂದಿದ್ದು ಇದು: "ಎಲ್ಲಾ ಬರೋಬರಿ ಅದ, ಆದ್ರ ಏಟು ಬೀಳವಲ್ದು ಸರ್." ಏಟು ಬಿದ್ದ ಹಾಗೆ ಅನಿಸುತ್ತಿಲ್ಲ ಅಂತ. ಬೇರೆ ಬೇರೆ ದಿನ ಬಂದವರೂ ಇದನ್ನೇ ಬೇರೆ ಬೇರೆ ರೀತಿ ಅಂದರು. "ಡ್ಯಾನ್ಸ್ ಮಾಡ್ದಂಗ ಅದ" ಅಂತ ಒಬ್ಬ. "ಹೀರೊಂದು ಕೈಯಾಗ ತಾಕತ್ತಿಲ್ಲ" ಅಂತ ಇನ್ನೊಬ್ಬ. ಹುಡುಗರು ತಕ್ಷಣ, ಹೀರೊ ಇನ್ನೂ ಜೋರಾಗಿ ಹೊಡೆಯಬೇಕು, ಸ್ಪೀಡ್ ಜಾಸ್ತಿ ಮಾಡೋಣ ಅಂತ ಶುರು ಮಾಡಿದರು. ಹಾಂಗ್‌ಕಾಂಗ್‌ನ ಆ್ಯಕ್ಷನ್ ಚಿತ್ರದವರು ಸೆಕೆಂಡಿಗೆ 24 ಫ್ರೇಮಿನ, ಅಂದರೆ 24 ಬಿಡಿ ಚಿತ್ರಗಳ ಬದಲು 22ರಲ್ಲಿ ಶೂಟ್ ಮಾಡಿ, ತೋರಿಸುವಾಗ 24ರಲ್ಲೇ ಓಡಿಸಿ ವೇಗ ಹೆಚ್ಚಿಸುತ್ತಿದ್ದರು, ಅದನ್ನು ಎಡಿಟಿಂಗ್‌ನಲ್ಲೂ ಮಾಡಬಹುದು. ಮಾಡಿ ನೋಡಿದೆ. ಗುದ್ದು ವೇಗವಾಯಿತು, ತಾಕತ್ತು ಬರಲಿಲ್ಲ.

ಆಮೇಲೆ ನನ್ನ ಹಾಳೆ ತೆಗೆದು ನೋಡಿದೆ. ಜನ ಭುಜ ಬಿಗಿ ಮಾಡಿದ ಜಾಗಗಳಲ್ಲಿ ಹೀರೊ ವಿಶೇಷ ಏನೂ ಮಾಡಿರಲಿಲ್ಲ. ಅಲ್ಲೆಲ್ಲ ಒಬ್ಬನೇ ಹುಡುಗ ಏಟು ತಿಂದಿದ್ದ. ಅವನು ಕ್ಲಾಸಿಗೆ ಹೊಸಬ, ಬಿಳಿ ಬೆಲ್ಟಿನವನು. ಏಟು ಹೋದ ದಿಕ್ಕಿಗೇ ಕತ್ತು ತಿರುಗುತ್ತಿತ್ತು, ಮೊಣಕಾಲು ಸಡಿಲ ಬೀಳುತ್ತಿತ್ತು, ಬಿದ್ದ ಮೇಲೆ ಏಳಲು ಹೊತ್ತು ತಗೊಳ್ಳುತ್ತಿದ್ದ. ಕರಿ ಬೆಲ್ಟಿನವರು ಏಟು ತಿಂದರೂ ನೆಟ್ಟಗೆ ನಿಂತಿರುತ್ತಿದ್ದರು. ಅವರಿಗೆ ವರ್ಷಗಟ್ಟಲೆ ಕಲಿಸಿದ್ದೇ ಅದು, ನೋವು ತೋರಿಸಬಾರದು. ಗುದ್ದುವವನಿಗೂ ಅಷ್ಟೇ. ಕರಾಟೆಯಲ್ಲಿ ಮುಷ್ಟಿ ಎದುರಿನವನ ಮೈಗೆ ತಾಗುವ ಮುಂಚೆ, ಸ್ವಲ್ಪ ಅಂತರದಲ್ಲಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿಸುತ್ತಾರೆ. ಸುಂದೊಮೆ ಅನ್ನುತ್ತಾರೆ ಅದಕ್ಕೆ. ಪಂದ್ಯದಲ್ಲಿ ಅದು ಶಿಸ್ತು, ಪರದೆ ಮೇಲೆ ಅದು ಎದ್ದು ಕಾಣುವ ಸಂದು.

ಸಂದು ಮುಚ್ಚುವುದು ಕ್ಯಾಮೆರಾ ಕೆಲಸ. ಗುದ್ದುವವನು, ಗುದ್ದಿಸಿಕೊಳ್ಳುವವನು ಇಬ್ಬರೂ ಪಕ್ಕದಿಂದ ಕಂಡರೆ ನಡುವಿನ ಜಾಗ ಕಾಣುತ್ತದೆ. ಒಬ್ಬನ ಭುಜದ ಹಿಂದೆ ಕ್ಯಾಮೆರಾ ಇಟ್ಟರೆ ಮುಷ್ಟಿ ಮುಖದ ಮುಂದೆ ಹಾದು ಹೋದರೂ ಬಿದ್ದ ಹಾಗೇ ಕಾಣುತ್ತದೆ. ಅದಕ್ಕೆ ಬೇಕಾದ ಕೆಲವು ಶಾಟುಗಳನ್ನು ಜೂನ್‌ನಲ್ಲಿ ಅದೇ ಗೋದಾಮಿನಲ್ಲಿ ಮತ್ತೆ ತೆಗೆದೆವು. ಈ ಸಲ ಹೀರೊಗೆ ಏನೂ ಹೇಳಲಿಲ್ಲ. ಬಿಳಿ ಬೆಲ್ಟಿನ ಹುಡುಗನನ್ನು ಮೇಷ್ಟ್ರು ಮಾಡಿ, ಏಟು ತಿನ್ನುವುದು ಹೇಗೆ ಅಂತ ಸೀನಿಯರ್‌ಗಳಿಗೆ ಅವನ ಕೈಲಿ ಕಲಿಸಿದೆವು. ಸೀನಿಯರ್‌ಗಳ ಮುಖ ಸಿಂಡರಿಸಿತ್ತು ಬಿಡಿ. ಆದರೂ ಕಲಿತರು. ಎಡಿಟಿಂಗ್‌ನಲ್ಲಿ ಮುಷ್ಟಿ ತಲುಪುವ ಮುಂಚಿನ ಒಂದೆರಡು ಫ್ರೇಮ್ ತೆಗೆದು, ಏಟು ತಿಂದವನ ಮುಖವನ್ನು ಸ್ವಲ್ಪ ಜಾಸ್ತಿ ಹೊತ್ತು ಉಳಿಸಿದೆ. ಆಮೇಲೆ ನೋಡಿದ ಆಟೊ ಅಣ್ಣ "ಹೀರೊ ಈಗ ಕೈ ಬಿಚ್ಚಿ ಹೊಡಿಲತ್ತಾನ" ಅಂದರು. ಹೀರೊ ಹೊಡೆಯುವ ರೀತಿಯಲ್ಲಿ ನಾನು ಏನನ್ನೂ ಬದಲಿಸಿರಲಿಲ್ಲ.

ಅಲ್ಲಿಂದ ನನಗೊಂದು ದಾರಿ ಸಿಕ್ಕಿತು. ನೋಡುವವರಿಗೆ ಎಲ್ಲೋ ಕಿರಿಕಿರಿ ಆಗಿದೆ ಅನ್ನುವುದು ಯಾವಾಗಲೂ ನಿಜ. ಯಾಕೆ ಆಗಿದೆ ಅಂತ ಅವರು ಹೇಳುವ ಕಾರಣ ಮಾತ್ರ ಬಹಳ ಸಲ ಬೇರೆ. ಹೊಡೆದಾಟದ ಚಿತ್ರದಲ್ಲಿ ಕಣ್ಣು ಹೀರೊ ಮೇಲಿರುತ್ತದೆ, ಹಾಗಾಗಿ ದೂರೂ ಅವನ ಮೇಲೇ. ನಾನು ದೂರು ಬರೆದುಕೊಂಡು, ಅದೇ ಹೊತ್ತಿನಲ್ಲಿ ಎದುರಿಗಿದ್ದವನು ಏನು ಮಾಡುತ್ತಿದ್ದ ಅಂತ ನೋಡಲು ಶುರು ಮಾಡಿದೆ. "ಫೈಟ್ ಉದ್ದ ಆಯ್ತು" ಅಂದ ಕಡೆ ಫೈಟ್ ಕತ್ತರಿಸಲಿಲ್ಲ. ಅಲ್ಲಿ ವಿಲನ್ ಕಡೆಯವರು ಎಲ್ಲಿಂದ ಬಂದರು, ಬಾಗಿಲು ಯಾವ ಕಡೆ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಗೋದಾಮಿನ ಒಂದು ಅಗಲ ಶಾಟು ಮುಂದೆ ಹಾಕಿದೆ. ಉದ್ದ ಇನ್ನೂ ಜಾಸ್ತಿಯಾಯಿತು, ದೂರು ನಿಂತಿತು.

ಸದ್ದಿನ ವಿಷಯ ಹೇಳಲೇಬೇಕು, ಯಾಕೆಂದರೆ ಕಡಿಮೆ ದುಡ್ಡಿನಲ್ಲಿ ಅತಿ ಹೆಚ್ಚು ಲಾಭ ಇರುವುದು ಇಲ್ಲೇ. ರೆಡಿಮೇಡ್ ಗುದ್ದಿನ ಸದ್ದು ಹಾಕಿದರೆ ಹಳೇ ಸಿನಿಮಾದ ಢಿಶುಂ ಅನ್ನುತ್ತದೆ, ಮಕ್ಕಳು ನಗುತ್ತಾರೆ. ನಾವೇ ಮಾಡಿಕೊಂಡೆವು. ಮೂಳೆ ಮುರಿಯುವುದಕ್ಕೆ ಒಣಗಿದ ಜೋಳದ ದಂಟು, ಮೈಕಿನ ಹತ್ತಿರ ಹಿಡಿದು ಮುರಿಯಬೇಕು. ನಮ್ಮ ಕಡೆ ಅದಕ್ಕೇನು ಬರ? ಕಪಾಳಕ್ಕೆ ಒದ್ದೆ ಟವೆಲ್. ಹೊಟ್ಟೆಗೆ ಬಿದ್ದ ಗುದ್ದಿಗೆ ಹೊಟ್ಟಿನ ಚೀಲವನ್ನೇ ಗುದ್ದಿದೆವು. ಒದೆಯುವಾಗ ಕರಾಟೆ ಬಟ್ಟೆ ಫಟ್ ಅನ್ನುತ್ತದಲ್ಲ, ಅದನ್ನು ಬೇರೆ ರೆಕಾರ್ಡ್ ಮಾಡಿಕೊಂಡೆವು. ಹೀರೊ ಹಾಕಿದ್ದು ಶರ್ಟು ಪ್ಯಾಂಟು, ಆದರೂ ಯಾರೂ ಕೇಳಲಿಲ್ಲ.

ಇದರಲ್ಲೊಂದು ತಮಾಷೆ. ಮಾಳಿಗೆ ಮೇಲೆ ದೊಡ್ಡ ಸ್ಪೀಕರಿನಲ್ಲಿ ಕೇಳಿದವರು ಸದ್ದು ಜಬರ್ದಸ್ತ್ ಅಂದರು. ಅದೇ ಚಿತ್ರವನ್ನು ಮೊಬೈಲಿನಲ್ಲಿ ನೋಡಿದವರು ಮತ್ತೆ "ಏಟು ಬೀಳವಲ್ದು" ಅಂತ ಶುರು ಮಾಡಿದರು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ದಪ್ಪ, ಕೆಳಗಿನ ಸದ್ದು ಬರುವುದೇ ಇಲ್ಲ. ಚೀಲದ ಧಡ್ ಅನ್ನುವ ಸದ್ದು ಪೂರ್ತಿ ಮಾಯ. ಉಳಿಯುವುದು ದಂಟು ಮತ್ತು ಟವೆಲ್. ಹಾಗಾಗಿ ಪ್ರತಿ ಚೀಲದ ಸದ್ದಿನ ಮೇಲೂ ಸಣ್ಣಗೆ ಟವೆಲ್ ಸದ್ದು ಸೇರಿಸಿದೆ. ಯಾರೇ ಅಭಿಪ್ರಾಯ ಹೇಳಲಿ, ಮೊದಲು ಯಾವುದರಲ್ಲಿ ನೋಡಿದಿರಿ ಅಂತ ಕೇಳಿ.

ಹೆಣ್ಣುಮಕ್ಕಳ ಗುಂಪು ಹೇಳಿದ್ದು ಬೇರೆಯೇ. ಪಕ್ಕದ ಮನೆ ಅಕ್ಕ ಕೇಳಿದರು: "ಅಲ್ಲೋ ತಮ್ಮಾ, ಆಗಳೇ ಅಷ್ಟು ದೊಡ್ಡ ರಾಡ್ ತಗೊಂಡು ಕೈಗೆ ಹೊಡದ್ರಲ್ಲ, ಈಗ ಅದೇ ಕೈಯಾಗ ಬಾಗಿಲು ಎಳಿಲತ್ತಾನಲ್ಲೋ?" ಗಂಡಸರ ಗುಂಪಿನಲ್ಲಿ ಒಬ್ಬರಿಗೂ ಇದು ಕಾಣಲಿಲ್ಲ. ನಂಬರ್ ಒನ್ ಅಭಿಪ್ರಾಯ ಯಾವುದು ಅಂದರೆ ನಾನು ಇದನ್ನೇ ಹೇಳ್ತೀನಿ. ಗಾಯ ಮುಂದಿನ ದೃಶ್ಯದಲ್ಲಿ ಮಾಯವಾದರೆ ಹಿಂದಿನ ಏಟು ಸುಳ್ಳಾಗುತ್ತದೆ. ಗಾಯ ಉಳಿದರೆ ಥ್ರಿಲ್ಲರಿಗೆ ಪುಕ್ಕಟೆ ಬಲ: ಒಂದೇ ಕೈಯಲ್ಲಿ ಇವನು ಹೇಗೆ ಪಾರಾಗ್ತಾನೆ ಅಂತ ಜನ ಕಾಯುತ್ತಾರೆ. ಜೂನ್‌ನಲ್ಲಿ ಬಾಗಿಲ ದೃಶ್ಯವನ್ನು ಎಡಗೈಯಲ್ಲಿ ಮತ್ತೆ ತೆಗೆದೆವು. ಅವನಿಗೆ ಎಡಗೈ ಸರಿಯಾಗಿ ಬರುವುದಿಲ್ಲ, ಅದೇ ಚೆನ್ನಾಗಿ ಬಂತು.

ಎಂಟು ಜನ ವಿಲನ್‌ಗಳು ಸರದಿ ನಿಂತು ಒಬ್ಬೊಬ್ಬರಾಗಿ ಯಾಕೆ ಬರ್ತಾರೆ ಅನ್ನುವುದು ಎಲ್ಲ ಗುಂಪಿನಲ್ಲೂ ಬಂದ ಪ್ರಶ್ನೆ. ದೊಡ್ಡ ದೊಡ್ಡ ಚಿತ್ರಗಳಿಗೂ ಈ ಪ್ರಶ್ನೆ ಬಿಟ್ಟಿಲ್ಲ. ಚೀಲದ ರಾಶಿಗಳ ನಡುವಿನ ಸಂದಿಗೆ ಹೊಡೆದಾಟ ಸಾಗಿಸಿದರೆ, ಒಬ್ಬನಿಗಿಂತ ಹೆಚ್ಚು ಜನ ಬರಲು ಜಾಗವೇ ಇರುವುದಿಲ್ಲ. ಇನ್ನೊಂದು ಚಿತ್ರ ಮಾಡಿದರೆ ಮೊದಲು ಸಂದಿ ಹುಡುಕುತ್ತೇನೆ, ಆಮೇಲೆ ಕಥೆ.

ತಾಲೀಮಿನ ಹಿರಿಯ ಪೈಲ್ವಾನರು ಚಿತ್ರ ಮುಗಿಯುವ ತನಕ ಹೀರೊ ಕಾಲು ಬಿಟ್ಟು ಬೇರೇನೂ ನೋಡಿರಲಿಲ್ಲ. "ಹಿಮ್ಮಡಿ ಎತ್ತಿ ಹೊಡಿತಾನ, ನಮ್ಮ ತಾಲೀಮಿನಾಗಿದ್ರ ಎತ್ತಿ ಒಗದು ಬಿಡ್ತಿದ್ರು" ಅಂದರು. ಅವರು ಹೇಳಿದ್ದು ಖರೆ. ಆದರೆ ಅದು ಅವರೊಬ್ಬರಿಗೇ ಕಾಣುವ ವಿಷಯ, ಬಿಟ್ಟುಬಿಟ್ಟೆ. ಎಲ್ಲವನ್ನೂ ಸರಿ ಮಾಡಲು ಹೊರಟರೆ ಚಿತ್ರ ಮುಗಿಯುವುದಿಲ್ಲ, ಅಲ್ವಾ?

"ಕಲಬುರಗಿ ಸಿನಿಮಾ ಅಂತೀರಿ, ಕೋಟೆ ಯಾಕ ತೋರಿಸಿಲ್ಲ?" ಅಂದವರೂ ಇದ್ದರು. ಕೋಟೆ, ಅದರೊಳಗಿನ 1367ರ ಜಾಮಿ ಮಸೀದಿ ಎಲ್ಲ ನನಗೂ ಇಷ್ಟ. ಆದರೆ ರಕ್ಷಿತ ಸ್ಮಾರಕದಲ್ಲಿ ಶೂಟಿಂಗ್ ಮಾಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಸಿಕ್ಕಿದರೂ, ಕಳುವಾದ ತೊಗರಿ ಲಾರಿ ಕೋಟೆಯೊಳಗೆ ಏನು ಮಾಡುತ್ತದೆ? ನಮ್ಮೂರು ಅಂತ ಗೊತ್ತಾಗಲು ಮಾತು ಸಾಕಾಯಿತು. ವಿಲನ್ ದಖನಿ ಉರ್ದುವಿನಲ್ಲಿ ಬೈದು, ಅರ್ಧಕ್ಕೆ ಕನ್ನಡಕ್ಕೆ ಹೊರಳುವ ಕಡೆ ಎಲ್ಲ ಗುಂಪಿನಲ್ಲೂ ನಗು ಬಂತು. ಅಲ್ಲಿ ಒಂದು ಮೊಬೈಲೂ ಹೊತ್ತಲಿಲ್ಲ.

ಒಂದು ಹಾಡು ಹಾಕ್ರಿ ಅಂತ ಕೇಳಿದವರು ಮಾತ್ರ ಎಲ್ಲರಿಗಿಂತ ಜಾಸ್ತಿ. ಅವರ ಮಾತು ಕೇಳಲಿಲ್ಲ. ಹಾಡಿಗೆ ಆಗುವಷ್ಟು ದುಡ್ಡು ಕೈಲಿದ್ದರೆ ಇನ್ನೊಂದು ಲೈಟು ಬಾಡಿಗೆಗೆ ತರುತ್ತಿದ್ದೆ, ಗೋದಾಮಿನ ಹಿಂದಿನ ಗೋಡೆ ಈಗಲೂ ಕತ್ತಲಾಗೇ ಕಾಣುತ್ತದೆ.