ಗರ್ಭಕಂಠದಲ್ಲಿ ಬಿಳಿ ರಕ್ತಕಣಗಳನ್ನು ಎಣಿಸಿದ್ದು

ಪುಣೆಯ ಆಸ್ಪತ್ರೆಯೊಂದರಲ್ಲಿ ಪ್ರಸೂತಿ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ, ಹೆರಿಗೆಯ ಹೊತ್ತಿಗೆ ಗರ್ಭಕಂಠದೊಳಗೆ ಬಿಳಿ ರಕ್ತಕಣಗಳು ಯಾವಾಗ ಬಂದು ಸೇರುತ್ತವೆ ಎಂಬುದನ್ನು ಪ್ರಬಂಧದ ವಿಷಯವಾಗಿ ಆರಿಸಿಕೊಂಡೆ. ಗರ್ಭ ನಿಲ್ಲುವ ಮೊದಲು ಬೆರಳಿಗೆ ಮೂಗಿನ ತುದಿಯಷ್ಟು ಗಟ್ಟಿಯಾಗಿ ಸಿಗುವ ಗರ್ಭಕಂಠ, ದಿನ ತುಂಬುವ ವೇಳೆಗೆ ತುಟಿಯಷ್ಟು ಮೆತ್ತಗಾಗಿ, ನೋವು ಶುರುವಾದ ಮೇಲೆ 10 ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. ಅದರ ಬಿಗಿಯೆಲ್ಲ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆಯಲ್ಲಿದೆ. ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿ ರಕ್ತಕಣಗಳು ಒಳನುಗ್ಗಿ, ಕೊಲಾಜಿನೇಸ್ ಕಿಣ್ವವನ್ನು ಸುರಿಸಿ ಆ ಎಳೆಗಳನ್ನು ಕಡಿಯುವುದರಿಂದಲೇ ಅದು ಮೆತ್ತಗಾಗುತ್ತದೆ ಎಂದು ನಾನು ನಂಬಿದ್ದೆ.

ನೈತಿಕ ಸಮಿತಿಯ ಅನುಮತಿಯ ನಂತರ, ಸಿಸೇರಿಯನ್ ಆದವರಿಂದ, ಕೆಲವರಲ್ಲಿ ನೋವು ಬರುವ ಮೊದಲೇ, ಕೆಲವರಲ್ಲಿ ನೋವಿನ ನಡುವೆ, ಅಕ್ಕಿಕಾಳಿನಷ್ಟು ಅಂಗಾಂಶವನ್ನು ತೆಗೆದೆ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಹೆಣ್ಣುಮಕ್ಕಳಿಗೆ ಮರಾಠಿಯ ಒಪ್ಪಿಗೆ ಪತ್ರವನ್ನು ಕೈಗಿಡದೆ ಎಲ್ಲವನ್ನೂ ಕನ್ನಡದಲ್ಲಿ ವಿವರಿಸಿದೆ. "ಕೂಸಿಗೇನೂ ಆಗಂಗಿಲ್ಲಲ್ರೀ, ಅಕ್ಕಾರ?" ಎಂದು ಒಬ್ಬಾಕೆ ಕೇಳಿದಳು. ಕೂಸು ಹೊರಬಂದ ಮೇಲೆಯೇ ತೆಗೆಯುವುದೆಂದು ತಿಳಿದ ಬಳಿಕವಷ್ಟೇ ಹೆಬ್ಬೆರಳೊತ್ತಿದಳು.

ಮೊದಲ ಸುತ್ತಿನ ಎಣಿಕೆಯನ್ನು ನಾನೇ ಕೆಡಿಸಿದೆ. ಅಂಗಾಂಶದ ತೆಳು ಪದರವನ್ನಿಟ್ಟ ಯಾವ ಗಾಜಿನ ಸ್ಲೈಡ್ ಯಾರದೆಂಬುದು ನನಗೆ ಗೊತ್ತಿತ್ತು, ಹಾಗಾಗಿ ಎಣಿಕೆ ನನ್ನ ನಂಬಿಕೆಯ ಕಡೆಗೇ ವಾಲಬಹುದಿತ್ತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ರಕ್ತನಾಳದೊಳಗೇ ನಿಂತಿದ್ದ ನ್ಯೂಟ್ರೋಫಿಲ್‌ಗಳನ್ನೂ ಲೆಕ್ಕಕ್ಕೆ ಸೇರಿಸಿದ್ದೆ. ನಾಳದಲ್ಲಿರುವ ಕಣ ಇನ್ನೂ ಅಂಗಾಂಶಕ್ಕೆ ಕಾಲಿಟ್ಟಿಲ್ಲ. ಎರಡನೇ ಸುತ್ತಿನಲ್ಲಿ ಸಹಪಾಠಿಯೊಬ್ಬಳು ಸ್ಲೈಡ್‌ಗಳ ಹೆಸರಿನ ಮೇಲೆ ಪಟ್ಟಿ ಅಂಟಿಸಿ ಬೇರೆ ಸಂಖ್ಯೆ ಕೊಟ್ಟಳು. ನ್ಯೂಟ್ರೋಫಿಲ್‌ಗೆ ಮೈಲೋಪೆರಾಕ್ಸಿಡೇಸ್, ಕಸ ನುಂಗುವ ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಮ್ಯಾಕ್ರೋಫೇಜ್‌ಗೆ ಸಿಡಿ68 ಎಂಬ ಪ್ರೋಟೀನನ್ನು ಗುರುತಾಗಿ ಹಿಡಿದು ಬಣ್ಣ ಹಾಕಿ, ಕಂದು ಬಣ್ಣಕ್ಕೆ ತಿರುಗಿದ ಕಣಗಳನ್ನು, ನಾಳದ ಗೋಡೆ ದಾಟಿದವನ್ನು ಮಾತ್ರ, ಪ್ರತಿ ಸ್ಲೈಡಿನಲ್ಲಿ ಸೂಕ್ಷ್ಮದರ್ಶಕದ 10 ನೋಟಕ್ಷೇತ್ರಗಳಂತೆ ಎಣಿಸಿದೆ.

ಪಟ್ಟಿ ಕಿತ್ತಾಗ ನನ್ನ ನಂಬಿಕೆ ನಿಲ್ಲಲಿಲ್ಲ. ನೋವಿಲ್ಲದಿದ್ದರೂ ಮೆತ್ತಗಾಗಿದ್ದ ಗರ್ಭಕಂಠಗಳಲ್ಲಿ ನ್ಯೂಟ್ರೋಫಿಲ್‌ಗಳು ಅಲ್ಲೊಂದು ಇಲ್ಲೊಂದು ಇದ್ದವು, ಆದರೆ ಕೊಲಾಜನ್ ಆಗಲೇ ಸಡಿಲಗೊಂಡು ಎಳೆಗಳ ನಡುವೆ ನೀರು ತುಂಬಿದಂತೆ ಕಾಣುತ್ತಿತ್ತು. ನ್ಯೂಟ್ರೋಫಿಲ್‌ಗಳು ಗುಂಪುಗೂಡಿದ್ದು ಗರ್ಭಕಂಠ ತೆರೆಯತೊಡಗಿದ್ದವರಲ್ಲಿ. ಇಷ್ಟು ಚಿಕ್ಕ ಎಣಿಕೆಯಿಂದ ತೀರ್ಪು ಕೊಡಲಾಗದು, ಆದರೆ ಇಲಿಗಳಲ್ಲಿ ನ್ಯೂಟ್ರೋಫಿಲ್‌ಗಳನ್ನು ಇಲ್ಲವಾಗಿಸಿದರೂ ಗರ್ಭಕಂಠ ಮೆತ್ತಗಾಗಿ ಹೆರಿಗೆಗೆ ಹಣ್ಣಾದುದನ್ನು ಸಂಶೋಧಕರು ತೋರಿಸಿದ್ದಾರೆ. ಹೆರಿಗೆಯ ನಂತರ ಹರಿದುದನ್ನು ತೆರವುಗೊಳಿಸಿ ಸರಿಪಡಿಸುವಲ್ಲಿ ಈ ಕಣಗಳ, ಅದರಲ್ಲೂ ಮ್ಯಾಕ್ರೋಫೇಜ್‌ಗಳ, ಪಾತ್ರ ದೊಡ್ಡದು.

ಮೆತ್ತಗಾಗುವುದು ಮತ್ತು ತೆರೆಯುವುದು ಎರಡು ಬೇರೆ ಕೆಲಸಗಳೆಂಬುದು ನನಗೆ ಆ ಸ್ಲೈಡ್‌ಗಳಿಂದಲೇ ಮನದಟ್ಟಾಯಿತು. ಗರ್ಭಕಂಠ ಹೆರಿಗೆಗೆ ಎಷ್ಟು ಸಿದ್ಧವಾಗಿದೆಯೆಂದು ಅಳೆಯಲು 1964ರಲ್ಲಿ ವೈದ್ಯ ಬಿಷಪ್ ರೂಪಿಸಿದ ಅಂಕಪದ್ಧತಿಯಲ್ಲಿಯೂ ಇವೆರಡಕ್ಕೆ ಬೇರೆ ಬೇರೆ ಅಂಕಗಳಿವೆ. ಹಾಗಾಗಿ ನೋವು ಬರಿಸುವ ಮುನ್ನ ಪರೀಕ್ಷಿಸುವಾಗ, ನಾನು ಬರೀ ಒಟ್ಟು ಅಂಕವನ್ನು ಗೀಚದೆ, ಮೆದುತನ ಎಷ್ಟೆಂಬುದನ್ನು ಕೇಸ್ ಪೇಪರಿನಲ್ಲಿ ಪ್ರತ್ಯೇಕವಾಗಿ ಬರೆಯುತ್ತೇನೆ.