ಹಾಲಿನ ಬಟವಾಡೆಯಲ್ಲಿ ಯಶಸ್ವಿನಿ

ಮುಧೋಳ ತಾಲ್ಲೂಕಿನ ನಮ್ಮೂರ ಹಾಲಿನ ಡೇರಿಗೆ ನಾನು ಕಾರ್ಯದರ್ಶಿ. ಫ್ಯಾಟ್ ನೋಡುವುದು, ವಾರಕ್ಕೊಮ್ಮೆ ಹಾಲಿನ ಹಣ ಬಟವಾಡೆ ಮಾಡುವುದು ನನ್ನ ಕೆಲಸ. ಸಹಕಾರ ಸಂಘಗಳ ಸದಸ್ಯರಿಗೆಂದು ಇದ್ದು 2018ರಲ್ಲಿ ನಿಂತಿದ್ದ ಯಶಸ್ವಿನಿ ಆರೋಗ್ಯ ಯೋಜನೆಗೆ 2022ರ ನವೆಂಬರಿನಲ್ಲಿ ಮತ್ತೆ ನೋಂದಣಿ ಶುರುವಾದಾಗ ಅದರ ವಸೂಲಿಯೂ ನನ್ನ ಕೊರಳಿಗೆ ಬಿತ್ತು.

ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿ ತಲೆಗೆ 100. ಐದು ಲಕ್ಷದವರೆಗೆ ಚಿಕಿತ್ಸೆ. ಎಸ್‌ಸಿ, ಎಸ್‌ಟಿ ಸದಸ್ಯರ ಹಣ ಸರ್ಕಾರವೇ ತುಂಬುತ್ತದೆ. ಮೊದಲ ವರ್ಷ ಮನೆಮನೆ ಅಲೆದೆ. "ಕಬ್ಬಿನ ಬಿಲ್ ಬರ್ಲಿ ತಮ್ಮಾ, ಕೊಡ್ತೀವಿ" ಎಂದವರೇ ಎಲ್ಲ. ಬಿಲ್ ಬಂತು, ಗೊಬ್ಬರದ ಅಂಗಡಿಗೆ ಹೋಯಿತು. 2003ರಲ್ಲಿ ತಲೆಗೆ 60 ರೂಪಾಯಿ ಕಟ್ಟಿದ್ದನ್ನು ನೆನೆಸಿ ಬೈದವರೂ ಇದ್ದರು.

ಮರುವರ್ಷ ಸಭೆಯಲ್ಲಿ ಠರಾವು ಮಾಡಿದೆವು: ಒಪ್ಪಿದವರ ಬಟವಾಡೆಯಲ್ಲಿ ವಾರಕ್ಕೆ 50 ರೂಪಾಯಿ, ಹತ್ತು ವಾರ. ಹಾಲು ಹಾಕುವವರು ಬಹಳಷ್ಟು ಹೆಣ್ಣುಮಕ್ಕಳೇ. "ಮನ್ಯಾವ್ರ ಕೈಗೆ ಹೋಗೂದಕ್ಕಿಂತ ಮೊದ್ಲ ಹಿಡ್ಕೋರಿ" ಎಂದು ಒಬ್ಬಾಕೆ ನಗುತ್ತ ಹೆಬ್ಬೆಟ್ಟು ಒತ್ತಿದರು.

"ರೇಷನ್ ಕಾರ್ಡಿಗೆ ಐದು ಲಕ್ಷ ಪುಕ್ಕಟ ಐತಲ್ಲ, ಇದ್ಯಾಕ?" ಎಂದು ಈಗಲೂ ಕೇಳುತ್ತಾರೆ. ಬಿಪಿಎಲ್‌ನವರ ಮಾತು ನಿಜ, ಆಯುಷ್ಮಾನ್ ಭಾರತ್‌-ಆರೋಗ್ಯ ಕರ್ನಾಟಕ ಇದೆ. ಆದರೆ ತುರ್ತು ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಎಪಿಎಲ್ ಕಾರ್ಡಿಗಂತೂ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಎರಡು ಎಕರೆ ಒಣಬೇಸಾಯದವನ ಕೈಯಲ್ಲೂ ಎಪಿಎಲ್ ಕಾರ್ಡ್ ಇರುವುದನ್ನು ನಾನು ಕಂಡಿದ್ದೇನೆ. ನನ್ನ ಲೆಕ್ಕದಲ್ಲಿ ಯಶಸ್ವಿನಿ ಬೇಕಾದದ್ದು ಮೊದಲು ಇವರಿಗೆ.

ಅಂಥ ಒಂದು ಮನೆಯಲ್ಲೇ ನಾನು ತಪ್ಪಿದೆ. ಕಾರ್ಡಿನಲ್ಲಿ ಐದು ಹೆಸರು. ಕೈಯಲ್ಲಿದ್ದದ್ದು 500 ಎಂದು ಮೇಲಿನ ನಾಲ್ಕು ಬರೆದು ಮುಂದಿನ ಫಾರಂ ಎತ್ತಿಕೊಂಡೆ, ಕೇಳಲೇ ಇಲ್ಲ. ಕೊನೆಯ ಹೆಸರು ಸೊಸೆಯದು. ಆರು ತಿಂಗಳಿಗೆ ಅವಳಿಗೇ ಪಿತ್ತಕೋಶದ ಕಲ್ಲಿನ ಆಪರೇಷನ್. ನಡುವೆ ಹೆಸರು ಸೇರಿಸಲು ಬರುವುದಿಲ್ಲ. ಅತ್ತೆ ತಮ್ಮ ಬೋರಮಾಳ ಸರ ಒತ್ತೆ ಇಟ್ಟರು.

ಅವರು ಬೈಯಲಿಲ್ಲ. ಮುಂದಿನ ನೋಂದಣಿಗೆ ಬಂದವರು ಹಾಲಿನ ಕ್ಯಾನ್ ಇಳಿಸಿ, "ನಂದು ತಗದು ಆಕೀ ಹೆಸರು ಬರೀರಿ" ಎಂದರು.

"ನೂರು ರೂಪಾಯಿ ಹೆಚ್ಚಿಗಿ ಕೊಟ್ರ ಇಬ್ಬರದೂ ಬರ್ತದ ಯವ್ವಾ" ಎಂದೆ.

"ಹೋದ ವರ್ಷ ಯಾಕ ಹೇಳ್ಲಿಲ್ಲ ಮತ್ತ?"

ಆ ನೂರನ್ನು ನಾನೇ ಹಾಕಿದೆ. ಈಗ ಫಾರಂ ತುಂಬುವಾಗ ಕಾರ್ಡನ್ನು ಕೆಳಗಿನ ಹೆಸರಿನಿಂದ ಓದುತ್ತೇನೆ.