ಜಾನೆಟ್ ಯೆಲೆನ್ ವೃತ್ತಿಜೀವನ: ದಾಖಲೆ ಹಿಡಿದು ಓದುವುದು ಹೇಗೆ?

2014ರ ಫೆಬ್ರವರಿಯಲ್ಲಿ ಜಾನೆಟ್ ಯೆಲೆನ್ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ (ಫೆಡ್) ಮೊದಲ ಮಹಿಳಾ ಅಧ್ಯಕ್ಷೆಯಾದರು. ಅವರ ಬಗ್ಗೆ ಬರೆಯುವವರು ಬಹುತೇಕ ಹುದ್ದೆಗಳ ಪಟ್ಟಿ ಕೊಟ್ಟು ಮುಗಿಸುತ್ತಾರೆ. ಪಟ್ಟಿ ಮಾಡಿ, ಆದರೆ ಪಕ್ಕದಲ್ಲೇ ಇನ್ನೊಂದು ಕಾಲಂ ಎಳೆದುಕೊಳ್ಳಿ: ಆ ಹುದ್ದೆಗೆ ಬಡ್ಡಿ ದರದ ಮೇಲೆ ಮತವಿತ್ತೇ?

1994ರಿಂದ 97ರವರೆಗೆ ಫೆಡ್ ಆಡಳಿತ ಮಂಡಳಿಯ ಸದಸ್ಯೆ, ಅಂದರೆ ಗವರ್ನರ್ ಆಗಿದ್ದಾಗ ಇತ್ತು. ನಂತರ ಶ್ವೇತಭವನದ ಆರ್ಥಿಕ ಸಲಹೆಗಾರರ ಮಂಡಳಿಯಲ್ಲಿ ಇರಲಿಲ್ಲ. 2004ರಿಂದ 2010ರವರೆಗೆ ಫೆಡ್‌ನ ಪ್ರಾದೇಶಿಕ ಬ್ಯಾಂಕುಗಳಲ್ಲೊಂದಾದ ಸ್ಯಾನ್ ಫ್ರಾನ್ಸಿಸ್ಕೊ ಫೆಡ್ ಮುಖ್ಯಸ್ಥೆಯಾಗಿದ್ದಾಗ ಮೂರು ವರ್ಷಕ್ಕೊಮ್ಮೆ ಸರದಿ ಬರುತ್ತಿತ್ತು. ಉಪಾಧ್ಯಕ್ಷೆ, ಅಧ್ಯಕ್ಷೆಯಾದ ಮೇಲೆ ಪ್ರತಿ ಸಭೆಯಲ್ಲೂ ಮತ. ಆದರೆ ಬಡ್ಡಿ ದರ ನಿರ್ಧರಿಸುವ ಸಮಿತಿಯ ಎಲ್ಲ ಸ್ಥಾನ ತುಂಬಿದ್ದಾಗ 12 ಮತಗಳಲ್ಲಿ ಅವರದು ಒಂದೇ. ಹಾಗಾಗಿ ಎಲ್ಲ ನಿರ್ಧಾರವನ್ನೂ ಅಧ್ಯಕ್ಷೆಯ ತಲೆಗೆ ಕಟ್ಟಬೇಡಿ.

ಮತವಿಲ್ಲದ ವರ್ಷಗಳನ್ನು ಬಿಟ್ಟುಬಿಡುವುದು ಇನ್ನೂ ದೊಡ್ಡ ತಪ್ಪು. ಸಭೆಯ ನಡಾವಳಿ ಮೂರು ವಾರಕ್ಕೆ ಸಿಗುತ್ತದೆ, ಆದರೆ ಯಾರು ಏನೆಂದರು ಎಂದು ಅದು ಹೆಸರು ಹಿಡಿದು ಹೇಳುವುದಿಲ್ಲ. ಹೆಸರು ಸಮೇತ ಮಾತುಕತೆ ಹೊರಬರುವುದು ಸುಮಾರು ಐದು ವರ್ಷದ ನಂತರ. 2007ರ ಡಿಸೆಂಬರ್ ಸಭೆಯ ದಾಖಲೆ ತೆರೆಯಿರಿ: ಸಾಲದ ಹರಿವು ಬತ್ತಿ ಆರ್ಥಿಕತೆ ಹಿಂಜರಿತಕ್ಕೆ ಜಾರುವ ಅಪಾಯ ನಿಜವಾಗಿಯೂ ಇದೆ ಎಂದು ಅವರು ಹೇಳುತ್ತಾರೆ. ಆ ವರ್ಷ ಅವರಿಗೆ ಮತವಿರಲಿಲ್ಲ. 1996ರ ಜುಲೈ ಸಭೆಯನ್ನೂ ತಪ್ಪದೆ ಓದಿ. ಹಣದುಬ್ಬರವನ್ನು ಸೊನ್ನೆಗೆ ಇಳಿಸಿದರೆ, ಕೂಲಿ ಸುಲಭವಾಗಿ ಇಳಿಯದ ಕಾರಣ ನಿರುದ್ಯೋಗ ಏರುತ್ತದೆ ಎಂದು ಆಗಿನ ಅಧ್ಯಕ್ಷ ಗ್ರೀನ್‌ಸ್ಪ್ಯಾನ್ ಎದುರಿಗೇ ಅವರು ವಾದಿಸುತ್ತಾರೆ. ಸೊನ್ನೆಯಲ್ಲ, ಶೇ 2ರ ಹಣದುಬ್ಬರದ ಗುರಿಯನ್ನು ಫೆಡ್ ಅಧಿಕೃತವಾಗಿ ಪ್ರಕಟಿಸಿದ್ದು 2012ರಲ್ಲಿ. ಇಡೀ ವೃತ್ತಿಜೀವನದ ಎಳೆ ಇಲ್ಲೇ ಸಿಗುತ್ತದೆ.

ಅಧ್ಯಕ್ಷಾವಧಿಗೆ ಎರಡು ದಿನಾಂಕ ಸಾಕು: 2015ರ ಡಿಸೆಂಬರ್, ಸುಮಾರು ಏಳು ವರ್ಷ ಸೊನ್ನೆಯ ಹತ್ತಿರವಿದ್ದ ಬಡ್ಡಿ ದರ ಶೇ 0.25–0.50ಕ್ಕೆ ಏರಿದ್ದು; 2017ರ ಅಕ್ಟೋಬರ್, ಫೆಡ್ ಕೊಂಡಿಟ್ಟ ಬಾಂಡ್‌ಗಳನ್ನು ತಿಂಗಳಿಗೆ 1,000 ಕೋಟಿ ಡಾಲರ್ ಮಿತಿಯಲ್ಲಿ ಕರಗಿಸತೊಡಗಿದ್ದು.

ಅಂಕಿಅಂಶದಲ್ಲಿ ಎಡವುವುದು ಎರಡು ಕಡೆ. ಶೇ 2ರ ಗುರಿ ವೈಯಕ್ತಿಕ ಬಳಕೆ ವೆಚ್ಚದ ಸೂಚ್ಯಂಕಕ್ಕೆ ಸೇರಿದ್ದು; ಗ್ರಾಹಕ ಬೆಲೆ ಸೂಚ್ಯಂಕದೊಂದಿಗೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಎರಡನೆಯದು, ಜಿಡಿಪಿ ಅಂಕಿಗಳು ಆಮೇಲೆ ಪರಿಷ್ಕರಣೆಯಾಗುತ್ತವೆ. ಸಭೆಯ ದಿನ ಸಮಿತಿಯ ಮುಂದಿದ್ದ ಅಂಕಿಯನ್ನೇ ಇಟ್ಟು ತೀರ್ಪು ಕೊಡುವುದು ನ್ಯಾಯ. ಅದು ಸೇಂಟ್ ಲೂಯಿಸ್ ಫೆಡ್‌ನ ‘ಆಲ್‌ಫ್ರೆಡ್’ ಸಂಗ್ರಹದಲ್ಲಿ ದಿನಾಂಕವಾರು ಸಿಗುತ್ತದೆ.